ಕಮ್ಮಾರ ಹೊಳೆ ದಾಟುವವರೆಗೆ

ನಂಬಬೇಡಿ. ತಾಕತ್ತಿದ್ದರೆ ಕೊನೆಯವರೆಗೂ ನಂಬದೆ ಓದಿ, ನೋಡುವ. ಈ ಮುದುಕನ ಮಾತಿಗೆ ಬೀಳುವುದಿಲ್ಲ ಎಂದು ಹಟ ಹಿಡಿದು ಕೂತವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಮುಲ್ಕಿಯಲ್ಲಿ ಒಬ್ಬ ಪೊಲೀಸಿನವನು ತನ್ನ ಸ್ವಂತ ಟೊಪ್ಪಿಯನ್ನೇ ಹರಾಜಿನಲ್ಲಿ ಕೊಳ್ಳುವ ಹಾಗೆ ಮಾಡಿದವನು ನಾನು. ಊರಲ್ಲಿ ಶೀನಣ್ಣ ಎಂದರೆ ತಾಯಂದಿರು ಮಕ್ಕಳನ್ನು ಒಳಗೆ ಕರೆಯುತ್ತಿದ್ದರು. ಹೆದರಿಯಲ್ಲ, ಮಕ್ಕಳು ಕೆಟ್ಟುಹೋದಾವು ಎಂದು. ಅಂಥವನು ಹೇಳುತ್ತಿದ್ದೇನೆ. ಆದ್ದರಿಂದ ನೀವು ನಂಬಲೇಬೇಡಿ.

ಹೋದ ಚಳಿಗಾಲ ಕತಾರಿಗೆ ಹೋಗಿದ್ದೆ. ಅಲ್ ಥುಮಾಮಾದಲ್ಲಿ ಮಗಳ ಮನೆ. ಶುಕ್ರವಾರ ಅಳಿಯ ಎಲ್ಲರನ್ನೂ ಗಾಡಿಯಲ್ಲಿ ತುಂಬಿಸಿಕೊಂಡು ದಕ್ಷಿಣಕ್ಕೆ ಹೊರಟ. ಟಾರು ರಸ್ತೆ ಮುಗಿದು ಮರಳು ಶುರುವಾಗುವಲ್ಲಿ ಇಳಿದು, ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಾಳಿ ಬಿಡತೊಡಗಿದ. ಟಯರು ಮೆತ್ತಗಾಗದಿದ್ದರೆ ಮರಳು ಗಾಡಿಯನ್ನು ನುಂಗುತ್ತದೆ. ಸುಸ್ ಎಂದು ಹೊರಬಂದ ಆ ಗಾಳಿಗೆ ಒಂದು ವಾಸನೆ ಉಂಟು. ಬಿಸಿ ರಬ್ಬರಿನದ್ದು, ಒದ್ದೆ ಗೋಣಿಯದ್ದು, ಬಹಳ ಕಾಲ ಮುಚ್ಚಿಟ್ಟ ಕೋಣೆಯದ್ದು. ನಾನು ಬಾಗಿಲು ತೆರೆದು ಕೆಳಗಿಳಿದೆ.

"ಅಜ್ಜಾ, ಕಮ್ ನಾ! ಅಲ್ಲಿ ಸೀ ಉಂಟು. ಡೆಸರ್ಟ್ ಒಳಗೆ ಸೀ!" ಎಂದ ಮೊಮ್ಮಗ.

"ನೋಡಿದ್ದೇನೆ ಮಗಾ. ನೀವು ಹೋಗಿ ಬನ್ನಿ."

"ಅಜ್ಜ ಸ್ಕೇರ್ಡಾ?"

"ಹೌದು," ಎಂದೆ.

ಎಲ್ಲರೂ ನಕ್ಕರು. ನಾನು ನಿಜ ಹೇಳಿದಾಗಲೆಲ್ಲ ಜನ ನಗುವುದು ವಾಡಿಕೆ. ಅವರು ಮರಳಗುಡ್ಡದ ಆಚೆ ಮಾಯವಾದ ಮೇಲೆ ಚಾ ಮಾರುವವನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಂಜೆಯವರೆಗೆ ಕೂತಿದ್ದೆ. ಕೂತಲ್ಲಿಗೆ ಆ ವರ್ಷ ಬಂತು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ದೋಹಾದಲ್ಲಿ ಎಲ್ಲಿ ನೋಡಿದರೂ ಕ್ರೇನು. ನಾವು ಇದ್ದದ್ದು ಉತ್ತರದಲ್ಲಿ, ಅಲ್ ಖೋರಿನ ಕಂಪನಿ ಕ್ಯಾಂಪಿನಲ್ಲಿ; ಕೆಲಸ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ. ನಾನು ಸ್ಕಫೋಲ್ಡಿಂಗ್ ಫೋರ್‌ಮನ್. ನನ್ನ ಕೈಕೆಳಗೆ ಕಟ್ಟಿದ ಅಟ್ಟಣಿಗೆಗಳ ಮೇಲೆ ಆನೆ ನಿಲ್ಲಿಸಬಹುದಿತ್ತು. ಆನೆ ಸಿಗದ ಕಾರಣ ಒಬ್ಬ ದಪ್ಪ ಇನ್‌ಸ್ಪೆಕ್ಟರನ್ನು ನಿಲ್ಲಿಸಿ ತೋರಿಸಿದ್ದೇನೆ. ಬೆಳಿಗ್ಗೆ ಹೋಗುವಾಗ, ಸಂಜೆ ಬರುವಾಗ, ಕಂಪನಿ ಬಸ್ಸು. ನಮ್ಮ ಬಸ್ಸಿನಲ್ಲಿ ಹೆಚ್ಚಿನವರು ಕರಾವಳಿಯವರೇ.

ಒಂದು ಜೂನ್ ಬೆಳಿಗ್ಗೆ ನನ್ನ ಸೀಟಿನ ಜೇಬಿನಲ್ಲಿ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಯಾರೋ ಬಿಳಿಯ ಎಂಜಿನಿಯರ್ ಬಿಟ್ಟುಹೋದದ್ದು. ಮುಖಪುಟದಲ್ಲಿ ಕ್ಯಾನ್ವಾಸಿನ ಮಾಡು ಹೊದಿಸಿದ ಎತ್ತಿನ ಗಾಡಿಗಳ ಉದ್ದ ಸಾಲು. ಎದುರಿಗೆ ಗಾಳಿಗೆ ಕೂದಲು ಬಿಟ್ಟ ಹೆಂಗಸು. ಅವಳ ಹಿಂದೆ ಅಂಗಿಯ ಗುಂಡಿ ಹಾಕಲು ಪುರಸೊತ್ತಿಲ್ಲದ ಗಂಡಸು. ನನ್ನ ಇಂಗ್ಲಿಷಿಗೆ ಅಷ್ಟು ಸಾಕಿತ್ತು. ಉಳಿದದ್ದನ್ನು ಓದಿ ತಿಳಿದೆ. ಹಿಂದಿನ ಕಾಲದಲ್ಲಿ ಅಮೆರಿಕದ ಕೆಲವು ಕುಟುಂಬಗಳು ಇದ್ದದ್ದನ್ನೆಲ್ಲ ಗಾಡಿಗೆ ಹೇರಿಕೊಂಡು, ಯಾರೂ ಕಾಣದ ಪಶ್ಚಿಮದ ನೆಲಕ್ಕೆ ತಿಂಗಳುಗಟ್ಟಲೆ ಹೋಗುವ ಕತೆ.

ನಾನು ಊರಲ್ಲಿ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲದೆ, ಕೂತಲ್ಲೇ, ಪದ್ಯದ ಒಂದು ಸಾಲು ಹಿಡಿದು ಅರ್ಧ ಗಂಟೆ ಮಾತು ಕಟ್ಟುವ ಕಸುಬು. ಅಂಥವನ ಕೈಗೆ ಪುಸ್ತಕ ಸಿಕ್ಕಿದರೆ ಕೇಳಬೇಕೇ? ಅದೇ ಸಂಜೆ ಬಸ್ಸಿನ ನಡುವೆ ನಿಂತು ಪ್ರಸಂಗ ಶುರುಮಾಡಿದೆ. ತಾಳಮದ್ದಳೆಯ ಕ್ರಮದಂತೆ ಪಾತ್ರ ಹಂಚಿದೆ. ಗಾಡಿಸಾಲಿನ ಯಜಮಾನ ನಾನು, ಬೇರೆ ಯಾರು? ಮುಂದೆ ಹೋಗಿ ದಾರಿ ನೋಡಿ ಬರುವವನು ಉಳ್ಳಾಲದ ಬ್ಯಾರಿ ಹಮೀದ್, ಕ್ರೇನ್ ಆಪರೇಟರ್, ನಮಗೆಲ್ಲ ಹಮೀದಾಕ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವ ಕಮ್ಮಾರನ ಪಾತ್ರ ದಯಾನಂದನಿಗೆ. ಪಡುಬಿದ್ರಿಯವನು, ವೆಲ್ಡರ್, ಬಾಗಿಲಿಗಿಂತ ಅಗಲದ ಭುಜ.

ನಾಯಕಿಯ ಪಾತ್ರವನ್ನು ನಾನು ಯಾರಿಗೂ ಕೊಡಲಿಲ್ಲ. ಕೊಡುವ ಅಗತ್ಯವಿರಲಿಲ್ಲ. ಮುಂದಿನ ಸೀಟಿನಲ್ಲಿ ಸೈಟ್ ಕ್ಲಿನಿಕ್ಕಿನ ನರ್ಸ್ ಲವೀನಾ ಕೂತಿರುತ್ತಿದ್ದಳು. ಪಕ್ಕದಲ್ಲಿ ಕಾವಲಿಗೆ ಅವಳ ಅಣ್ಣ, ಸ್ಟೋರ್‌ಕೀಪರ್ ರೊನಾಲ್ಡ್. ಲವೀನಾ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಆದರೆ ಕಮ್ಮಾರನ ಹೆಸರು ಬಂದಾಗ ಅವಳ ಕಿವಿ ಕೆಂಪಾಗುವುದು ಹಿಂದಿನ ಸೀಟಿನವರೆಗೂ ಕಾಣುತ್ತಿತ್ತು. ದಯಾನಂದನಿಗಂತೂ ಬೇರೇನೂ ಕಾಣುತ್ತಿರಲಿಲ್ಲ.

"ಶೀನಣ್ಣ, ಆ ಗಾಡಿಯವರಿಗೆ ಕಫೀಲ್ ಯಾರು?" ಎಂದು ಹಮೀದಾಕ ಕೇಳಿದ. ಕಫೀಲ್ ಅಂದರೆ ವೀಸಾ ಕೊಡಿಸಿ, ನಮ್ಮ ಪಾಸ್‌ಪೋರ್ಟನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುವ ಅಲ್ಲಿನ ಧಣಿ.

"ದೇವರೇ ಕಫೀಲ್."

"ಹಾಗಾದ್ರೆ ಪಾಸ್‌ಪೋರ್ಟ್ ವಾಪಸ್ ಸಿಗುದಿಲ್ಲ ಬಿಡಿ."

ಬಸ್ಸಿಗೆ ಬಸ್ಸೇ ನಕ್ಕಿತು. ಹಾಗೆ ಶುರುವಾಯಿತು ನೋಡಿ, ನಗುನಗುತ್ತಾ.

ಒಂದು ಸಂಜೆ ಯಜಮಾನನ ಗಾಡಿಯ ಚಕ್ರ ಸಿಡಿದುಹೋದ ಭಾಗ ಹೇಳಿದೆ. ಮರುದಿನ ಬೆಳಿಗ್ಗೆ ನಮ್ಮ ಬಸ್ಸಿನ ಹಿಂದಿನ ಟಯರು ಢಮಾರ್. ರಸ್ತೆಬದಿ ಒಂಟೆಗಳ ಎದುರು ನಿಂತು ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನೂ ಎದೆ ಉಬ್ಬಿಸಿ, "ಯಲ್ಲಾ, ಇನ್ನು ನನ್ನನ್ನು ಸ್ವಾಮೀ ಅಂತ ಕರೀರಿ," ಎಂದೆ.

ಮುಂದಿನ ವಾರ ಗಾಡಿಗಳಲ್ಲಿ ಸಿಡುಬು ಬಂತು. ಪುಸ್ತಕದಲ್ಲಿ ಎಂಟು ಸಾಲು, ನನ್ನ ಬಾಯಲ್ಲಿ ಮೂರು ದಿನ. ಮೂರನೆಯ ದಿನ ಕ್ಯಾಂಪಿನ ಒಂದು ಬ್ಲಾಕಿಗೇ ಸಿಡುಬಿನ ತಂಗಿ ಕೋಟ್ಲೆ, ಡಾಕ್ಟರರ ಚಿಕನ್‌ಪಾಕ್ಸ್, ಬಿದ್ದು ಬೀಗ ಹಾಕಿದರು. ಈ ಸಲ ಬೆನ್ನು ತಟ್ಟಿದವರು ಕಡಿಮೆ.

ಆಮೇಲೆ ಧೂಳಿನ ಭಾಗ. ಬಯಲಿನಲ್ಲಿ ಎದ್ದ ಕಂದು ಗೋಡೆಯೊಂದು ಕೊನೆಯ ಗಾಡಿಯನ್ನು ಮುಚ್ಚಿಹಾಕಿತು, ಗಾಳಿ ನಿಂತಾಗ ಅಲ್ಲಿ ಗಾಡಿ ಇರಲಿಲ್ಲ ಎಂದು ನಾನು ಸ್ವರ ತಗ್ಗಿಸಿ ಹೇಳಿದೆ. ಶಮಾಲ್ ಗಾಳಿಯ ತಿಂಗಳು ಅದು. ಧೂಳು ಏಳುವುದು ಅಲ್ಲಿ ದೊಡ್ಡ ಸುದ್ದಿಯಲ್ಲ. ಆದರೆ ಎರಡು ದಿನ ಬಿಟ್ಟು ಬೀಸಿದ ಗಾಳಿಯಲ್ಲಿ ಬಸ್ಸು ರಸ್ತೆಯ ನಡುವೆ ನಿಂತುಬಿಟ್ಟಿತು. ಗಾಜಿನ ಆಚೆ ಎಲ್ಲ ಕಾಫಿಯ ಬಣ್ಣ. ಗಾಳಿ ಇಳಿದ ಮೇಲೆ ನೋಡಿದರೆ ನಮ್ಮ ಹಿಂದೆ ಬರುತ್ತಿದ್ದ ಪಿಕಪ್ ರಸ್ತೆಯ ಆಚೆ ಚಕ್ರ ಮೇಲಾಗಿ ಬಿದ್ದಿತ್ತು. ಅದರ ಡ್ರೈವರನ್ನು ಕಂಬಳಿಯಲ್ಲಿ ಸುತ್ತಿ ಒಯ್ದರು.

ಸಂಜೆ ಹಮೀದಾಕ ನನ್ನ ಪಕ್ಕ ಬಂದು ಕೂತ. ಅವನ ಮುಖದಲ್ಲಿ ನಗು ಇರಲಿಲ್ಲ.

"ಶೀನಣ್ಣ, ಒಂದು ಮಾತು. ಇನ್ನು ಒಳ್ಳೆದು ಮಾತ್ರ ಹೇಳಿ. ಆಯ್ತಾ?"

"ಮರುಳಾ ನಿನಗೆ? ಕಾಗದದಲ್ಲಿ ಇದ್ದದ್ದು ಹೊರಗೆ ಬರ್ತದಾ?"

"ಬರ್ತದೆ ಅಂತ ನಾನು ಹೇಳಿದ್ನಾ? ಒಳ್ಳೆದು ಹೇಳಿ ಅಂದೆ. ಅಷ್ಟೇ."

ಹೇಳಿದೆ. ಗಾಡಿಯವರಿಗೆ ಸಿಹಿನೀರಿನ ಬುಗ್ಗೆ ಸಿಕ್ಕಿತು ಎಂದೆ. ಮರುದಿನ ಕ್ಯಾಂಪಿನ ನಲ್ಲಿಯಲ್ಲಿ ಎಂದಿನ ಉಪ್ಪುನೀರು. ಯಜಮಾನನಿಗೆ ಬಂಗಾರದ ಗಟ್ಟಿ ಸಿಕ್ಕಿತು ಎಂದೆ. ನನಗೆ ಸಿಕ್ಕಿದ್ದು ಸೂಪರ್‌ವೈಸರನ ಬೈಗುಳ. ಒಳ್ಳೆಯದು ಒಂದೂ ಫಲಿಸಲಿಲ್ಲ. ಆಗ ನನಗೆ ಮೊದಲ ಸಲ ಹೆದರಿಕೆಯಾಯಿತು. ಯಾಕೆಂದರೆ ನಾನು ಆಗಲೇ ಮುಂದಿನದ್ದನ್ನು ಓದಿ ಮುಗಿಸಿದ್ದೆ. ಗಾಡಿಸಾಲು ಒಂದು ದೊಡ್ಡ ಹೊಳೆಗೆ ಬರುತ್ತದೆ. ಎಲ್ಲರೂ ದಾಟುತ್ತಾರೆ. ಕಮ್ಮಾರ ಮಾತ್ರ ದಾಟುವುದಿಲ್ಲ. ನೀರಿನ ನಡುವೆ ಸಿಕ್ಕಿಬಿದ್ದ ಗಾಡಿಗೆ ಸರಪಳಿ ಹಾಕಲು ಇಳಿದವನನ್ನು ಹೊಳೆ ಎಳೆದುಕೊಳ್ಳುತ್ತದೆ.

ಅಂದಿನಿಂದ ನಾನು ಹೊಳೆಯನ್ನು ದೂರ ಇಡತೊಡಗಿದೆ. ಲೋಕದಲ್ಲಿ ಯಾರೂ ಕಟ್ಟದಷ್ಟು ಉದ್ದದ ಬಯಲು ಕಟ್ಟಿದೆ. ಇಲ್ಲದ ಗುಡ್ಡ ಹತ್ತಿಸಿದೆ. ಎತ್ತುಗಳಿಗೆ ಮದುವೆ ಮಾಡಿಸಿದೆ, ಗಾಡಿಯವರ ನಡುವೆ ಒಂದು ಚುನಾವಣೆ ನಡೆಸಿದೆ, ಯಜಮಾನನ ಬಾಯಲ್ಲಿ ಧರ್ಮ ಅಧರ್ಮದ ಮೇಲೆ ನಾಲ್ಕು ಸಂಜೆ ಅರ್ಥ ಹೇಳಿಸಿದೆ. ಕುಂಬಳೆಯಿಂದ ಕುಂದಾಪುರದವರೆಗೆ ಯಾವ ಅರ್ಥಧಾರಿಯೂ ಅಷ್ಟು ಎಳೆದವನಲ್ಲ. ಆಗಸ್ಟಿನ ಬೆವರು ಮುಗಿಯಿತು, ರಂಜಾನ್ ಬಂತು, ಹೊಳೆ ಬರಲಿಲ್ಲ.

"ಶೀನಣ್ಣ, ಕಮ್ಮಾರ ಹೊಳೆ ದಾಟ್ತಾನಾ ಇಲ್ವಾ?" ದಯಾನಂದ ದಿನಾ ಕೇಳುತ್ತಿದ್ದ.

"ಹೊಳೆ ಇನ್ನೂ ದೂರ ಉಂಟು ಮಾರಾಯ."

"ಎಂತ ದೂರ! ಅಷ್ಟು ದೂರ ಹೋದ್ರೆ ಪಡುಬಿದ್ರಿ ಸಿಗ್ತಿತ್ತು." ಮತ್ತೆ ಕಿವಿಯ ಹತ್ತಿರ ಬಂದು, "ಕಮ್ಮಾರ ಆಚೆ ದಡ ಮುಟ್ಟಿದ ದಿನ ನಾನು ಅವಳ ಹತ್ರ ಕೇಳುದು ಅಂತ ಮನಸ್ಸಲ್ಲಿ ಇಟ್ಟಿದ್ದೇನೆ. ಬೇಗ ದಾಟಿಸಿ ಮಾರ್ರೆ. ರೊನಾಲ್ಡ್ ಅವಳಿಗೆ ಬಹರೈನಿನ ಗಂಡು ನೋಡಿ ಆಗಿದೆಯಂತೆ."

ನಾನು ಅವನ ತಲೆಗೊಂದು ಮೊಟಕಿ ಕಳಿಸಿದೆ. ನಗಲು ಆಗಲಿಲ್ಲ.

ಒಂದು ದಿನ ಕೈಗೆ ತಂತಿ ತರಚಿ ಕ್ಲಿನಿಕ್ಕಿಗೆ ಹೋದಾಗ ಲವೀನಾ ಪಟ್ಟಿ ಕಟ್ಟುತ್ತಾ, "ಆ ಪುಸ್ತಕ ಒಮ್ಮೆ ಕೊಡ್ತೀರಾ ಅಂಕಲ್?" ಎಂದಳು. ಕೊಡುವುದಿಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ಹೊಳೆಯದೆ ಇದ್ದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಕೆಲವು ದಿನ ಕಳೆದು ಬಸ್ಸು ಹತ್ತುವಾಗ ಅದನ್ನು ನನ್ನ ಕೈಗೆ ವಾಪಸು ತುರುಕಿದಳು.

"ನೀವು ಅವರಿಗೆ ಹೇಳ್ಬೇಡಿ," ಎಂದಳು. ಅವಳ ತುಟಿ ಬಿಳುಪಾಗಿತ್ತು.

"ಯಾರಿಗೆ?"

"ನಿಮಗೆ ಗೊತ್ತುಂಟು ಯಾರಿಗೆ."

"ಅದು ಕತೆ, ಲವೀನಾ."

"ಪಿಕಪ್ಪಿನವನನ್ನು ನಮ್ಮ ಕ್ಲಿನಿಕ್ಕಿಗೇ ತಂದದ್ದು ಅಂಕಲ್. ಅದೂ ಕತೆಯಾ?"

ಈದ್ ರಜೆ ಬಂತು. ಚಳಿ ಹಿಡಿದಿತ್ತು. ರೊನಾಲ್ಡ್ ಹೊಸದಾಗಿ ಒಂದು ಪಜೇರೋ ಕೊಂಡಿದ್ದ. ಅದನ್ನು ನಾಲ್ಕು ಜನ ನೋಡದಿದ್ದರೆ ಅವನಿಗೆ ನಿದ್ದೆಯಿಲ್ಲ. ದಕ್ಷಿಣದ ಮರಳಗುಡ್ಡಗಳ ನಡುವೆ ಸಮುದ್ರ ಒಳಗೆ ನುಗ್ಗಿ ನಿಂತ ಜಾಗಕ್ಕೆ ಪಿಕ್‌ನಿಕ್ ಎಂದ. ನಾನು ಬೇಡ ಎಂದೆ. ಅಲ್ ಮುಂತಜಾ ಪಾರ್ಕಿನಲ್ಲಿ ಮರದ ನೆರಳುಂಟು, ಬಿರಿಯಾನಿ ಅಲ್ಲಿಯೂ ತಿನ್ನಬಹುದು ಎಂದೆ.

"ಕಾರಣ ಎಂತ?" ಎಂದ ರೊನಾಲ್ಡ್.

ಏನು ಹೇಳುವುದು? ಪುಸ್ತಕದಲ್ಲಿ ಹೊಳೆ ಉಂಟು ಎಂದೇ?

"ಗಾಡಿಸಾಲಿನ ಯಜಮಾನರಿಗೆ ಹೆದರಿಕೆ!" ಎಂದ ದಯಾನಂದ. ಎಲ್ಲರೂ ನಕ್ಕರು. ಜೀವಮಾನವಿಡೀ ಊರಿನವರನ್ನು ನಗಿಸಿದ ಮನುಷ್ಯನಿಗೆ ಬೇಡವಾದ ಹೊತ್ತಿಗೆ ಸಿಕ್ಕಿದ ನಗು ಅದು. ನಾನು ಹೋಗದೆ ಕೂತರೂ ಅವರು ಹೋಗುವವರೇ. ಹಾಗಾಗಿ ಹೋದೆ. ಲವೀನಾ ನನ್ನನ್ನು ನೋಡಿ ತಲೆಯಾಡಿಸಿದಳು. ಇಬ್ಬರೂ ಸೇರಿ ಅವನನ್ನು ನೀರಿನಿಂದ ದೂರ ಇಡುವುದೆಂದು ಆ ತಲೆಯಾಡಿಸುವಿಕೆಯ ಅರ್ಥ.

ಮೂರು ಗಾಡಿ ಸಾಲಾಗಿ ಹೊರಟವು. ಮುಂದೆ ಪಜೇರೋ, ನಡುವೆ ಹಮೀದಾಕನ ಪಿಕಪ್, ಹಿಂದೆ ಬಾಡಿಗೆಯ ಒಂದು ಜೀಪು. ಪಿಕಪ್ಪಿನ ಹಿಂಬದಿಯಲ್ಲಿ ಹುಡುಗರು ಟಾರ್ಪಾಲಿನ ಮಾಡು ಕಟ್ಟಿದ್ದರು, ನನ್ನನ್ನು ಖುಷಿಪಡಿಸಲು. ಟಾರು ಮುಗಿಯುವಲ್ಲಿ ಟಯರಿನ ಗಾಳಿ ಬಿಟ್ಟೆವು. ಹೇಳಿದೆನಲ್ಲ, ಆ ವಾಸನೆ.

ಮಧ್ಯಾಹ್ನ ಚೆನ್ನಾಗಿಯೇ ಕಳೆಯಿತು. ಬಿರಿಯಾನಿ ತಿಂದೆವು. ನೀರು ಕಂಡಲ್ಲಿ ಇಳಿಯುವ ಜಾತಿಯವನು ದಯಾನಂದ. ಅವನನ್ನು ಇಸ್ಪೀಟು, ಹಗ್ಗಜಗ್ಗಾಟ, ಕೊನೆಗೆ ಸುಳ್ಳು ಎದೆನೋವು, ಹೀಗೆ ಏನೇನೋ ನೆವ ಹೇಳಿ ಮೇಲೆಯೇ ಕಟ್ಟಿಹಾಕಿದೆ. ನನ್ನ ಎದೆನೋವನ್ನು ಲವೀನಾ ಗಂಭೀರವಾಗಿ ಪರೀಕ್ಷಿಸಿ, "ಇವರ ಕೈ ಬಿಡ್ಬೇಡಿ," ಎಂದು ದಯಾನಂದನನ್ನೇ ನನ್ನ ಪಕ್ಕ ಕೂರಿಸಿದಳು. ಅವನ ಮುಖ ನೋಡಬೇಕಿತ್ತು. ಅವಳು ಅವನ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

ಹೊತ್ತು ಇಳಿಯುವಾಗ ಹೊರಟೆವು. ಬಂದ ದಾರಿ ಮರಳಗುಡ್ಡದ ಮೇಲಿಂದ, ಸುತ್ತು. ಕೆಳಗೆ ದಡದ ಉದ್ದಕ್ಕೂ ಚಪ್ಪಟೆ ನೆಲ, ಉಪ್ಪಿನ ಹುಡಿ ಎರಚಿದ ಹಾಗೆ ಬಿಳಿ, ನೋಡಲು ಸಿಮೆಂಟಿನ ಅಂಗಳ. ನೀರು ಬಹಳ ಆಚೆ ಇತ್ತು.

"ಕೆಳಗಿಂದ ಹೋಗುವ," ಎಂದ ರೊನಾಲ್ಡ್.

"ಭರತ ಬಂದ್ರೆ?" ಎಂದೆ.

"ಶೀನಣ್ಣ, ನಾವು ಕಡಲಿನ ಬದಿಯವರು. ನಮಗೆ ಭರತ ಇಳಿತ ಹೇಳಿಕೊಡ್ಬೇಕಾ? ಪಾಚಿಯ ಗೆರೆ ನೋಡಿ, ಅಲ್ಲಿ ಉಂಟು. ಅದರಿಂದ ಇಷ್ಟು ಮೇಲೆ ನೀರು ಬರುದುಂಟಾ?"

ನಾನೂ ಆ ಗೆರೆ ನೋಡಿದೆ, ಹಮೀದಾಕನೂ ನೋಡಿದ. ಇಬ್ಬರೂ ತಲೆಯಾಡಿಸಿದೆವು. ಊರಿನ ಕಡಲಿಗೆ ಅದು ಸರಿಯಾದ ಲೆಕ್ಕ. ಅಲ್ಲಿ ನೀರು ಎದುರಿನಿಂದ ಬರುತ್ತದೆ, ಸದ್ದು ಮಾಡುತ್ತದೆ, ಎಲ್ಲಿಯವರೆಗೆ ಬಂದಿತ್ತೆಂದು ಗೆರೆ ಬರೆದು ಹೋಗುತ್ತದೆ. ಇಲ್ಲಿನ ನೀರು ಅಡಿಯಿಂದ ಬರುತ್ತದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮೇಲೆ ಉಪ್ಪಿನ ಹಪ್ಪಳ ಒಣಗಿಯೇ ಇರುತ್ತದೆ, ಕೆಳಗೆ ನೆಲ ಗಂಜಿಯಾಗಿರುತ್ತದೆ. ಬಯಲುಸೀಮೆಯವನಾದರೆ ನೀರಿನ ಹತ್ತಿರ ಹೋಗಲು ಹೆದರುತ್ತಿದ್ದ, ಬದುಕುತ್ತಿದ್ದ.

ಪಜೇರೋ ಸ್ವಲ್ಪ ದೂರ ಚೆಂದವಾಗಿ ಹೋಯಿತು. ಮತ್ತೆ ಒಮ್ಮೆ ಮೂಗು ಬಗ್ಗಿಸಿತು, ಎತ್ತು ಮಂಡಿಯೂರಿದ ಹಾಗೆ. ರೊನಾಲ್ಡ್ ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗಿಳಿಯಿತು. ಲವೀನಾಳನ್ನೂ ಉಳಿದವರನ್ನೂ ಕೈಹಿಡಿದು ಈಚೆ ತಂದೆವು. ಹಮೀದಾಕ ಪಿಕಪ್ಪನ್ನು ಗಟ್ಟಿ ಮರಳಿನಲ್ಲೇ ನಿಲ್ಲಿಸಿದ್ದ. ನೀರು ಎಲ್ಲಿಂದ ಬಂತೋ ನೋಡಲಿಲ್ಲ. ಬಟ್ಟಲಿಗೆ ಹಾಲು ಹೊಯ್ದ ಹಾಗೆ, ಅಲೆಯಿಲ್ಲದೆ, ಸದ್ದಿಲ್ಲದೆ, ಉಪ್ಪಿನ ಮೇಲೆ ಹರಡತೊಡಗಿತ್ತು. ಎಲ್ಲೂ ಒಂದು ಹಕ್ಕಿ ಇರಲಿಲ್ಲ.

"ಬಿಡಿ, ಖಲಾಸ್! ಗಾಡಿ ಹೋದ್ರೆ ಹೋಗ್ಲಿ!" ಎಂದು ನಾನು ಕಿರುಚಿದೆ.

ರೊನಾಲ್ಡ್ ಗಾಡಿಯ ಕಂತು ಮುಗಿದಿಲ್ಲ ಎಂದು ಅಳತೊಡಗಿದ. ನಾನು ತಿರುಗಿ ನೋಡುವಷ್ಟರಲ್ಲಿ ದಯಾನಂದ ಸರಪಳಿ ಹೆಗಲಿಗೆ ಹಾಕಿಕೊಂಡು ಇಳಿದಾಗಿತ್ತು. ಲವೀನಾ ಅವನ ಹೆಸರು ಹಿಡಿದು ಕೂಗಿದಳು. ಅಷ್ಟು ಜನರ ಎದುರು ಅವಳು ತನ್ನ ಹೆಸರು ಕರೆದದ್ದು ಕೇಳಿ ಅವನು ತಿರುಗಿ ಹಲ್ಲು ಕಿರಿದ. ಅವಳ ಅಣ್ಣನ ಗಾಡಿಯನ್ನು ಎತ್ತಿಕೊಟ್ಟರೆ ಬಹರೈನಿನ ಗಂಡು ಓಡಿಹೋಗುತ್ತಾನೆಂದು ಅವನ ಲೆಕ್ಕವಿದ್ದಿರಬೇಕು.

ಕೊಕ್ಕೆ ಸಿಕ್ಕಿಸಲು ಗಾಡಿಯ ಮುಂದೆ ಬಗ್ಗಿದವನು ಏಳಲಿಲ್ಲ. ಕಾಲು ತೊಡೆಯವರೆಗೆ ಹೋಗಿತ್ತು. ಎಳೆದಷ್ಟೂ ಇನ್ನೊಂದು ಗೇಣು. ನೀರು ಸೊಂಟಕ್ಕೆ ಬಂತು. ಆ ನೀರಿನಲ್ಲಿ ಈಜಲು ಅವನಿಗಿಂತ ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ. ಆದರೆ ನೆಲ ಹಿಡಿದುಕೊಂಡವನು ಈಜುವುದು ಹೇಗೆ?

ಹಮೀದಾಕ ಪಿಕಪ್ಪಿನ ಟಾರ್ಪಾಲಿಗೆ ಕಟ್ಟಿದ್ದ ನೈಲಾನ್ ಹಗ್ಗ ಬಿಚ್ಚಿದ. ಒಂದು ತುದಿ ಪಿಕಪ್ಪಿಗೆ ಕಟ್ಟಿ, ಇನ್ನೊಂದನ್ನು ಎಸೆದೆವು. ಮೂರನೆಯ ಸಲಕ್ಕೆ ಅವನಿಗೆ ಸಿಕ್ಕಿತು. ಕಂಕುಳ ಕೆಳಗೆ ಸುತ್ತಿ ಗಂಟು ಹಾಕಿಕೊಂಡ. ಹಮೀದಾಕ ಗೇರು ಹಾಕಿದ. ಹಗ್ಗ ನೀರಿನಿಂದ ಎದ್ದು ಬಿಗಿಯಾಗಿ ವೀಣೆಯ ತಂತಿಯ ಹಾಗೆ ಗುಂಯ್ಗುಟ್ಟಿತು.

"ಶೀನಣ್ಣಾ!" ಎಂದು ಅವನು ಕೂಗಿದ. "ಈಗಾದ್ರೂ ಹೇಳಿ ಮಾರ್ರೆ! ಕಮ್ಮಾರ ದಾಟಿದ್ನಾ?"

"ದಾಟಿದ! ದಾಟಿದ ಮಾರಾಯ, ಯಾವಾಗಲೋ ದಾಟಿ ಆಗಿದೆ!" ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಲವೀನಾ ನನ್ನ ತೋಳು ಹಿಡಿದಿದ್ದಳು. ಉಗುರು ಒಳಗೆ ಹೋಗಿತ್ತು.

ಹಗ್ಗ ತುಂಡಾಗಲಿಲ್ಲ. ದಯಾನಂದ ಕೆಸರಿನಿಂದ ಸುವರ್ಣಗಡ್ಡೆ ಕಿತ್ತ ಹಾಗೆ ಬುಳುಕ್ಕೆಂದು ಎದ್ದು ಬಂದ, ಚಡ್ಡಿಯೊಂದು ಅಲ್ಲೇ ಉಳಿಯಿತು. ಲವೀನಾ ಮೊದಲು ಅವನ ಕೆನ್ನೆಗೊಂದು ಬಿಟ್ಟಳು, ಆಮೇಲೆ ತನ್ನ ದುಪ್ಪಟ್ಟಾ ಕೊಟ್ಟಳು. ರೊನಾಲ್ಡ್ ಅಡ್ಡ ಬರಲಿಲ್ಲ. ಮರುವರ್ಷ ಊರಿನಲ್ಲಿ ಮದುವೆಯಾಯಿತು. ಈಗ ಪಡುಬಿದ್ರಿಯ ಹೆದ್ದಾರಿಯ ಬದಿ ದಯಾನಂದನ ಗೇಟು ಗ್ರಿಲ್ಲಿನ ದೊಡ್ಡ ಅಂಗಡಿ ಉಂಟು. ಹೊಟ್ಟೆ ಬಂದಿದೆ, ನನ್ನನ್ನು ಕಂಡರೆ ಕತೆ ಹೇಳಿ ಎಂದು ಈಗಲೂ ಜೀವ ತಿನ್ನುತ್ತಾನೆ.

ಇಷ್ಟೇ. ಟಯರು ಸಿಡಿದದ್ದು ನಿಜ. ಕೋಟ್ಲೆ ನಿಜ, ಪಿಕಪ್ಪು ನಿಜ. ಪುಸ್ತಕದ ಹೊಳೆಯೂ ಅಲ್ಲಿ ಹಾಗೆಯೇ ಇತ್ತು. ಅವನು ಕೂಗಿ ಕೇಳಿದ್ದು ನಿಜ, ನಾನು ದಾಟಿದ ಎಂದದ್ದು ನಿಜ, ಅದನ್ನು ಕೇಳಿ ಅವನು ನಕ್ಕದ್ದು ನನಗೆ ಸ್ಪಷ್ಟವಾಗಿ ಕಂಡಿದೆ. ನಾನು ಕೈಯಿಂದ ಸೇರಿಸಿದ್ದು ಇಡೀ ಬರಹದಲ್ಲಿ ಒಂದೇ ಒಂದು ವಿವರ. ಅದರ ಹಿಂದೆ ಬಂದ ಮದುವೆ, ಅಂಗಡಿ, ಹೊಟ್ಟೆಯನ್ನು ನೀವೇ ಕಳೆದುಬಿಡಿ.

ಹಗ್ಗ ತುಂಡಾಗಲಿಲ್ಲ ಎಂದು ಬರೆದೆನಲ್ಲ, ಅದು.